ನಿನ್ನ ಸಮುದ್ರ, ನನ್ನ ಪೈಪು

ಬಿಬವೇವಾಡಿ, ಪುಣೆ
ತಾ. ೯ ಫೆಬ್ರವರಿ ೨೦೨೬

ತಮ್ಮ ಮುರುಗೆಪ್ಪಗ ಅಣ್ಣ ಜಟ್ಟೆಪ್ಪನ ಆಶೀರ್ವಾದ.

ವಿಶಾಖಪಟ್ಟಣ ಸುಖವಾಗಿ ಮುಟ್ಟಿದಿ ಅಂತ ಮಗಳು ಸುಮಂಗಲಾ ಹೇಳಿದಳು. ನಿನ್ನ ಮನಿಯಾಕಿ ಭುವನೇಶ್ವರಿಯ ಮೊಣಕಾಲ ನೋವು ಹ್ಯಾಂಗದ? ನಿನ್ನ ಶುಗರ್ ಹ್ಯಾಂಗದ? ಹೊಟ್ಟಿ ತುಂಬ ಹೋಳಿಗಿ ತಿಂದು ಹೋಗಿದ್ದಿ, ಗುಳಿಗಿ ತಪ್ಪಸಬ್ಯಾಡ. ಇಲ್ಲಿ ನಾನು, ನಿನ್ನ ವೈನಿ ಮಾನಮ್ಮ, ಮಗಳು ಗಟ್ಟಿಮುಟ್ಟಾಗಿದ್ದೀವಿ. ನಾಲ್ಕನೇತ್ತಕ್ಕ ಸಾಲಿ ಬಿಟ್ಟವನ ಅಕ್ಷರ ಇವು, ತಪ್ಪು ಹುಡುಕುತ್ತ ಕೂಡಬ್ಯಾಡ. ಫೋನಿನಾಗ ಬೈದರ ನೀ "ಹೌದಣ್ಣ, ಹೌದಣ್ಣ" ಅಂದು ಅರ್ಧಕ್ಕ ಇಟ್ಟುಬಿಡ್ತಿ. ಕಾಗದದಾಗ ಪೂರಾ ಬೈಬಹುದು, ಅದಕ್ಕ ಬರೀಲಿಕ್ಕತ್ತೀನಿ.

ನೀ ರಜೆಗೆ ಬಂದ ಎರಡನೇ ದಿನ ಚಾಳಿನ ಮಂದಿಯೆಲ್ಲ ನಮ್ಮ ಬಾಗಿಲಾಗ ಕೂತು ನಿನ್ನ ನೌಕಾಪಡೆಯ ಕಥಿ ಕೇಳಿದರಲ್ಲ, ಆವತ್ತಿಂದ ನನಗ ನಿದ್ದಿ ಸರಿ ಇಲ್ಲ. ಯುದ್ಧದ ಸುದ್ದಿ ಎದ್ದಾಗ ನಿಮ್ಮ ಹಡಗಿನಾಗ ಬೇಕಿಲ್ಲದ ಮಷಿನೆಲ್ಲಾ ಬಂದ್ ಮಾಡಿ, ಅಡಿಗಿಯವನ ಸೌಟು ಬಿದ್ದು ಸಪ್ಪಳಾಗಬಾರದಂತ ಅದಕ್ಕೂ ಅರಿವಿ ಸುತ್ತಿ, ಎಲ್ಲಾರೂ ಉಸುರು ಬಿಗಿ ಹಿಡಿದು ಕೂತರಂತ. ನೀ ಒಬ್ಬನ ಕಿವಿಗೆ ಹೆಡ್‌ಫೋನ್ ಹಾಕ್ಕೊಂಡು ಸಮುದ್ರದ ಹೊಟ್ಟಿಯೊಳಗಿನ ಸಪ್ಪಳ ಕೇಳಿದ್ಯಂತ. ಸಿಗಡಿಗಳು ಚುರುಮುರಿ ಹುರಿದಂಗ ಚಟಚಟ ಅಂತಾವಂತ, ಅದರ ನಡುವ ನೀರಾಗ ಮುಳುಗಿ ಬರೂ ಪಾಣಬುಡಿಯ ಪಂಖಾ ತಿರುಗೂ ಸಪ್ಪಳ ಕಿವಿಗೆ ಹತ್ತಿದರ, ಅದಕ್ಕ ಎಷ್ಟು ರೆಕ್ಕಿ ಅಂತ ಕೂತಲ್ಲೇ ಎಣಿಸ್ತಿಯಂತ. ಹಿಂದಿನ ಯುದ್ಧಗಳಾಗ ನೀರಾಗ ಬರೇ ಒಂದು ಮೈಕು ಇಳಿಬಿಟ್ಟು ಕೇಳ್ತಿದ್ದರಂತ, ಈಗ ಕಂಪ್ಯೂಟರ್ ಬಂದರೂ ಕಡಿಗೆ ಮನುಷ್ಯಾನ ಕಿವೀನ ಬೇಕಂತ. ಸುಮಂಗಲಾ ಬಾಯಿ ತೆರಕೊಂಡು ಕೂತಿದ್ದಳು. ಇಪ್ಪತ್ತೆರಡು ವರ್ಷ ನನ್ನ ಮನಿಯಾಗ ಬೆಳೆದಾಕಿ ಒಂದು ದಿನಾನೂ "ಅಪ್ಪಾ, ನೀ ಹ್ಯಾಂಗ ಕೇಳ್ತಿ?" ಅಂತ ಕೇಳಿಲ್ಲ.

ನನ್ನ ಹೊಟ್ಟಿ ಉರೀತು. ಉರೀಲಿಲ್ಲ ಅಂತ ಸುಳ್ಳು ಯಾಕ ಬರೀಲಿ? ಮೂವತ್ತೆಂಟು ವರ್ಷ ನಾನೂ ನೀರಿನ ಸಪ್ಪಳ ಕೇಳೀನಿ. ಕಬ್ಬಿಣದ ಸಲಾಕಿ ರಸ್ತಾಕ್ಕ ಊರಿ, ಮ್ಯಾಲಿನ ತುದಿ ಕಿವಿಗೆ ಹಚ್ಚಿ, ಡಾಂಬರಿನ ಕೆಳಗ ಪೈಪು ಎಲ್ಲಿ ಸೋರ್ತದ ಅಂತ ಹೇಳೀನಿ. ನಿನಗ ಇಡೀ ಹಡಗು ಸುಮ್ಮಕ ಕೂಡ್ತದ. ನನಗ ಈ ಪುಣೆ ಸುಮ್ಮಕ ಕೂಡ್ತದೇನು? ರಿಕ್ಷಾ, ಟೆಂಪೋ, ಮದುವಿ ಬ್ಯಾಂಡು, ಎಲ್ಲಾದರ ಕೆಳಗಿಂದ ಒಂದು ಸಣ್ಣ ಸಪ್ಪಳ ಹೆಕ್ಕಿ ತಗೀಬೇಕು. ನಿನಗ ಎದಿ ಮ್ಯಾಲ ಪದಕ, ನನಗ ಕಿವಿ ಹಿಂದ ಸಲಾಕಿ ಒತ್ತಿದ ಗಂಟು. ನೀ ಸಾಲಿಗೆ ಹೋಗಲಿ ಅಂತ ನಾ ಗುದ್ದಲಿ ಹಿಡಿದೆ ಅಂತ ಇಷ್ಟು ವರ್ಷ ಬಾಯಿ ಬಿಟ್ಟು ಅಂದಿಲ್ಲ. ಇವತ್ತು ಅಂತೀನಿ.

ಅದಕ್ಕ ಮರುದಿನ ಮುಂಜಾನೆ ನಿನ್ನ ಜೋಡಿ ಪಂದ್ಯ ಕಟ್ಟಿದೆ. ಹದಿನೈದು ದಿನದಿಂದ ಗಲ್ಲಿಯಾಗ ನೀರು ಒಸರಲಿಕ್ಕತ್ತಿತ್ತು. ಪೈಪು ಒಡೆಯೂ ಜಾಗಾನ ಬ್ಯಾರೆ, ನೀರು ಮ್ಯಾಲ ಬರೂ ಜಾಗಾನ ಬ್ಯಾರೆ, ನಮ್ಮ ಕೆಲಸದ ಕಷ್ಟ ಅದು. ಮೊದಲು ನೀ ಅಡಿಕಿ ಅಗಿಯುತ್ತ ಸಲಾಕಿ ಹಿಡಿದು ಗಲ್ಲಿ ತುಂಬ ಅಡ್ಡಾಡಿ, "ಅಣ್ಣಾ, ನನಗೇನೂ ಹತ್ತವಲ್ಲದು, ಸಮುದ್ರದ ಕಿವಿ ರಸ್ತಾಕ್ಕ ಬರೂದಿಲ್ಲ" ಅಂದಿ. ಆಮ್ಯಾಲ ನಾ ಹೋದೆ. ಶಿಂಪಿಗ್ಯಾನ ಕಟ್ಟಿ ಮುಂದ ಹಿಮ್ಮಡೀಲೆ ಗೆರಿ ಹಾಕಿದೆ. ಠೇಕೇದಾರನ ಆಳುಗಳು ಅಗದರು. ಮೂರು ಫೂಟಿಗೆ ಒಡೆದ ಜಾಯಿಂಟು ಸಿಕ್ತು, ನೀರು ಚಿಮ್ಮಿ ಠೇಕೇದಾರ ಸ್ವಪ್ನಿಲನ ಹೊಸಾ ಅಂಗಿ ತೊಯ್ದು ತೊಪ್ಪಿ ಆತು. "ಕಾಕಾ, ತುಮಚೇ ಕಾನ್ ಸೋನ್ಯಾಚೇ!" ಅಂತ ಒದರಿದ, ನನ್ನ ಕಿವಿ ಬಂಗಾರದ್ದಂತ. ಮಂದಿ ಚಪ್ಪಾಳಿ ತಟ್ಟಿದರು. ನೀ ಎಲ್ಲಾರಕಿಂತ ಜೋರ ತಟ್ಟಿದಿ. ಆವತ್ತು ಎರಡು ರೊಟ್ಟಿ ಹೆಚ್ಚಿಗಿ ತಿಂದೆ.

ನೀ ಹೋದ ಮೂರನೇ ದಿನ ಆ ಕಥಿ ಹತ್ತನೇ ಸಲ ಹೇಳೂ ಹೊತ್ತಿನಾಗ ಮಗಳು ಅಂದಳು: "ಸಾಕು ಅಪ್ಪಾ. ಕಾಕಾಗ ಮೊದಲೇ ಗೊತ್ತಾಗಿತ್ತು. ನೀ ನೋಡದಾಗ ನನಗೂ ಸಲಾಕಿ ಹಿಡಿಸಿದ್ದ, ನನಗೂ ಕೇಳಿಸ್ತು. ನಿನ್ನ ಮರ್ಯಾದಿ ಉಳೀಲಿ ಅಂತ ಸುಮ್ಮನಾದ." ಏನು ಕೇಳಿಸ್ತು ಅಂತ ನಾ ಕೇಳಿದರ, ಕಾದ ಎಣ್ಯಾಗ ಮೆಣಸಿನಕಾಯಿ ಬಿಟ್ಟಂಗ ಇತ್ತು ಅಂದಳು. ಸರಿಯಾಗೇ ಹೇಳಿದಳು. ಅದಕ್ಕ ಇನ್ನೂ ಸಿಟ್ಟು ಬಂತು. ಸಣ್ಣವರಿದ್ದಾಗ ಕುಸ್ತಿಯಾಗ ನಾ ಬೇಕಂತ ನಿನ್ನ ಕೈಲೆ ಬೀಳ್ತಿದ್ದೆ, ಅದು ಅಣ್ಣನ ಹಕ್ಕು. ತಮ್ಮ ಅಣ್ಣಗ ಬಿದ್ದು ಕೊಡೂ ಪದ್ಧತಿ ಯಾವಾಗ ಸುರು ಆತು? ಅದರಾಗ ಗುಟ್ಟು ಬಿಚ್ಚಿದ್ದು ಯಾರ ಮುಂದ? ನನ್ನ ಮಗಳ ಮುಂದ.

ಬೈಯೂದು ಮುಗೀತು. ಭುವನೇಶ್ವರಿಗ ಆಶೀರ್ವಾದ ತಿಳಿಸು. ಮಾನಮ್ಮ ಶೇಂಗಾ ಚಟ್ನಿ ಕುಟ್ಟಿ ಕಳಸ್ತಾಳಂತ. ನಾ ಸಿಟ್ಟಿನಾಗಿದ್ರೂ ನೀನೂ ನಿನ್ನ ಹಡಗೂ ಸುರಕ್ಷಿತ ದಂಡಿಗೆ ಬರ್ತಿರಬೇಕು.

ನಿನ್ನ ಅಣ್ಣ,
ಜಟ್ಟೆಪ್ಪ

ತಾ.ಕ.: ಅಂಚೆ ಆಫೀಸು ಮುಚ್ಚೂ ಹೊತ್ತಾತು, ಲಗೂ ಬರೀತೀನಿ. ಆ ಪಂದ್ಯ ನೋಡಿ ಸ್ವಪ್ನಿಲ್ ಕಾತ್ರಜದ ದೊಡ್ಡ ಪೈಪಿನ ಕೆಲಸ ನನಗ ಒಪ್ಪಸ್ಯಾನ, ಇದೇ ಇಪ್ಪತ್ತಕ್ಕ. ರಸ್ತಾ ಬಂದ್ ಮಾಡಿ ನಾ ಗೆರಿ ಹಾಕಿದಲ್ಲೇ ಅಗೀತಾರ. ತಪ್ಪಿದರ ಸಲಾಕಿ ಇನ್ನೊಬ್ಬನ ಕೈಗೆ ಹೋಗ್ತದ. ಮುರುಗ್ಯಾ, ಆವತ್ತು ಗಲ್ಲಿಯಾಗ ನನಗೇನೂ ಕೇಳಿಸಲಿಲ್ಲ. ವರ್ಷ ಆತು, ಎರಡೂ ಕಿವಿಯಾಗ ಬರೇ ಗುಂಯ್ ಅಂತದ. ನಿನಗ ಸಪ್ಪಳ ಹತ್ತಿದ ಕೂಡಲೆ ಬಾಯಾಗ ಏನಿದ್ದರೂ ಅಗಿಯೂದು ನಿಲ್ಲಸ್ತಿ, ಸಣ್ಣವ ಇದ್ದಾಗಿಂದ ನೋಡೀನಿ. ಶಿಂಪಿಗ್ಯಾನ ಕಟ್ಟಿ ಮುಂದ ನಿನ್ನ ದವಡಿ ನಿಂತದ್ದು ನೋಡಿ ಗೆರಿ ಹಾಕಿದೆ. ಇದು ನಿನ್ನ ವೈನಿಗೂ ಗೊತ್ತಿಲ್ಲ. ಕಾಗದ ಮುಟ್ಟಿದ ದಿನಾನ ಸುಮಂಗಲಾಗ ಫೋನ್ ಮಾಡು. ಇಪ್ಪತ್ತಕ್ಕ ಅಪ್ಪನ ಜೋಡಿ ಕಾತ್ರಜಕ್ಕ ಹೋಗಿ ಸಲಾಕಿಗೆ ಕಿವಿ ಕೊಡು ಅಂತ ಹೇಳು. ನಾ ಹೇಳಿಸಿದ್ದು ಅಂತ ಹೇಳಬ್ಯಾಡ. ನಾ ಕರದರ ಯಾಕ ಅಂತಾಳ, ನೀ ಹೇಳಿದರ ಹೂಂ ಅಂತಾಳ.