ಗೋಣಿ ಸುತ್ತಿದ ಕಲ್ಲು

ತಮ್ಮಾ,

ನಿನ್ನ ಫೋನು ಸ್ವಿಚ್ ಆಫ್ ಆಗಿದೆ, ಇದನ್ನು ಕಳಿಸಲು ವಿಳಾಸವೂ ಇಲ್ಲ. ಆದರೂ ಹೇಳುತ್ತೇನೆ. ಕಳುವಾಗಿದ್ದ ನನ್ನ ಕಾರು ಸಿಕ್ಕಿದೆ. ಮುಂಭಾಗ ನುಜ್ಜುಗುಜ್ಜಾಗಿ, ಗೋದಾಮೊಂದರ ಹಿಂದಿನ ಇಳಿಜಾರಿನಲ್ಲಿ ನಿಂತಿತ್ತು. ವಿಮೆಯವರ ಜೊತೆ ನೋಡಲು ಹೋದೆ. ಮೆಕ್ಯಾನಿಕ್ ಬಗ್ಗಿ ನೋಡಿ ನಕ್ಕ.

"ಮರ್ಯಾದಸ್ಥ ಕಳ್ಳ ಕಣಕ್ಕಾ. ಗಾಡಿ ಉರುಳದಿರಲಿ ಅಂತ ಚಕ್ರಕ್ಕೆ ಕಲ್ಲು ಕೊಟ್ಟಿದಾನೆ. ಟೈರು ತರಚಬಾರ್ದು ಅಂತ ಅದಕ್ಕೆ ಗೋಣಿ ಬೇರೆ ಸುತ್ತಿದಾನೆ."

ನನಗೆ ನಗು ಬರಲಿಲ್ಲ. ಹಾಗೆ ಗೋಣಿ ಸುತ್ತುವುದನ್ನು ಅಪ್ಪ ಕಲಿಸಿದ್ದು ನಮ್ಮಿಬ್ಬರಿಗೇ.

"ಯಾರ ಮೇಲಾದ್ರೂ ಅನುಮಾನ ಇದ್ಯಾ ಮೇಡಂ?" ಎಂದರು ವಿಮೆಯವರು. "ಇಲ್ಲ ಅಂದ್ರೆ ರಿಪೇರಿ ಖರ್ಚು ನಾವು ಕೊಡ್ತೀವಿ. ಗೊತ್ತಿರೋರಾದ್ರೆ ಅವರಿಂದಾನೇ ವಸೂಲಾಗ್ಬೇಕು, ಪೊಲೀಸರಿಗೂ ಅವರ ಹೆಸರು ಹೇಳ್ಬೇಕಾಗುತ್ತೆ."

ಇಲ್ಲ ಎನ್ನುವುದು ಸುಲಭವಿತ್ತು. ಅಕ್ಕ ಬಾಯಿಬಿಡುವುದಿಲ್ಲವೆಂದು ನೀನೂ ನೆಚ್ಚಿಕೊಂಡಿದ್ದೆ, ಅಲ್ಲವೇ? ಕೇಳಿದ್ದರೆ ಕಾರನ್ನೇ ಕೊಟ್ಟುಬಿಡುತ್ತಿದ್ದೆನೋ. ಬಾಯಿಬಿಟ್ಟು ಕೇಳುವಷ್ಟಾದರೂ ನಾನು ನಿನಗೆ ಅಕ್ಕನಾಗಿ ಉಳಿದಿರಲಿಲ್ಲವೇ?

"ಇದೆ" ಎಂದೆ. ಅವರು ಪೆನ್ನು ತೆಗೆದರು. ನಿನ್ನ ಹೆಸರು ಹೇಳಿದೆ, ತಡವರಿಸದೆ ಹೇಳಿದೆ.

"ನಿಮಗೇನಾಗ್ಬೇಕು ಅವರು?"

ಮೆಕ್ಯಾನಿಕ್ ನಗು ನಿಲ್ಲಿಸಿ ನನ್ನ ಮುಖ ನೋಡಿದ. ಅದೊಂದು ಪದ ಹೇಳಲು ನಾನು ಎರಡು ಸಲ ಬಾಯಿ ತೆರೆಯಬೇಕಾಯಿತು.