ತಿಪ್ಪೆಯ ಕಾವಲು

೧೪ ಏಪ್ರಿಲ್ ೧೯೭೪, ರವಿವಾರ. ಸಾಲಹಳ್ಳಿ

ಇವತ್ತೂ ಅದೇ ಹೊಗೆ. ಜೋಳದ ಕೂಳೆ ಭರ್ರನೆ ಉರಿದು ಮುಗಿಯುತ್ತದೆ, ರೊಟ್ಟಿ ಅರ್ಧ ಹಸಿ. ಕೊಟ್ಟಿಗೆಯಲ್ಲಿ ಎರಡು ಎತ್ತು, ಒಂದು ಎಮ್ಮೆ. ಸೆಗಣಿಗೇನೂ ಬರವಿಲ್ಲ. ಆದರೆ ಒಲೆಗೆ ಕುಳ್ಳು ತಟ್ಟುವ ಹಾಗಿಲ್ಲ, ಎಲ್ಲವೂ ತಿಪ್ಪೆಗೆ, ಹೊಲದ ಗೊಬ್ಬರಕ್ಕೆ. ಮಾವ ಅದರ ಪಕ್ಕದಲ್ಲೇ ಹೊರಸು ಹಾಕಿಕೊಂಡು ಮಲಗುತ್ತಾರೆ. ಮಂದಿ ಬಂಗಾರ ಕಾಯುತ್ತಾರೆ, ನಮ್ಮ ಮಾವ ಸೆಗಣಿ ಕಾಯುತ್ತಾರೆ.

ಬೈಲಹೊಂಗಲದ ತವರಲ್ಲಿ ಹತ್ತಿಕಟ್ಟಿಗೆ ಹಿತ್ತಲ ತುಂಬ. ಇಲ್ಲಿಯ ಗುಡ್ಡದಲ್ಲಿ ಹಲ್ಲುಕಡ್ಡಿಗೂ ಗಿಡವಿಲ್ಲ. ಕಡಿದು ಮುಗಿಯಿತು, ಈಗ ಬೇರು ಅಗೆಯುತ್ತಾರೆ.

ನಾದಿನಿ ದೇವಕ್ಕ ಚೊಚ್ಚಲ ಹೆರಿಗೆಗೆ ಬಂದಿದ್ದಾಳೆ. ಬಾಣಂತಿಗೆ ದಿನಾ ಹಂಡೆ ನೀರು ಕಾಯಬೇಕು. ಯಾತರಿಂದ ಕಾಯಿಸಲಿ, ನನ್ನ ಸಿಟ್ಟಿನಿಂದಲೇ?

೧೭ ಏಪ್ರಿಲ್

ಕದ್ದೆ. ಮಾವ ಎತ್ತಿಗೆ ನೀರು ಕುಡಿಸಲು ಹೋದಾಗ ಎರಡು ಬುಟ್ಟಿ. ಪಕ್ಕದ ಮನೆಯ ರಾಚವ್ವನ ಗೋಡೆಗೆ ತಟ್ಟಿದೆ. ಅತ್ತೆ ಬಾಗಿಲಲ್ಲಿ ನಿಂತು, "ಲಗೂನ ಮಾಡವಾ, ಬಂದಗಿಂದಾರು" ಅನ್ನುತ್ತಿದ್ದರು. ಅತ್ತೆ ಸೊಸೆ ಒಂದಾಗಲು ಸೆಗಣಿ ಬೇಕಾಯಿತು ನೋಡು.

೨೧ ಏಪ್ರಿಲ್, ರವಿವಾರ

ಸಿಕ್ಕಿಬಿದ್ದೆ. ಮಾವ ಬಯ್ಯಲಿಲ್ಲ. "ಕೃಷ್ಣವ್ವಾ, ಹೊಲಕ್ಕ ಬಾ" ಅಂದರು, ಅಷ್ಟೆ. ಬೈದಿದ್ದರೇ ಚೆನ್ನಾಗಿತ್ತು.

ಬದುವಿನ ಆಚೆಯ ಜಟ್ಟೆಪ್ಪನ ಹೊಲ ತೋರಿಸಿದರು. "ನಾ ಸಣ್ಣಾಂವ ಇದ್ದಾಗ ಇಲ್ಲೆ ಜ್ವಾಳದಾಗ ಎತ್ತ ನಿಂತ್ರ ಕಾಣತಿದ್ದಿಲ್ಲ. ಆಮ್ಯಾಲ ಅವರ ಮನಿ ಸೆಗಣಿ ಎಲ್ಲಾ ಒಲಿಗೆ ಹೋತು. ಗೊಬ್ಬರ ಕಾಣದ ಮಣ್ಣ ಸಡ್ಲಾತು. ಗಾಳಿಗೆ ಅಷ್ಟು, ಮಳಿಗೆ ಅಷ್ಟು. ಈಗ ನೋಡ."

ಬರೀ ಗರಸು ಕಲ್ಲು. ಈಗ ಅಲ್ಲಿ ಯಾರೂ ಬಿತ್ತುವುದಿಲ್ಲ. ನಮ್ಮದರಲ್ಲೂ ಮೇಲ್ತುದಿಗೆ ಕಲ್ಲು ಎದ್ದಿವೆ.

"ಖರೆ ಮಾವ, ಆದ್ರ ದೇವಕ್ಕಗ ನೀರ ಹೆಂಗ ಕಾಸೂದ್ರಿ?" ಕೇಳಿಯೇಬಿಟ್ಟೆ. ಬದುವಿನ ಕಲ್ಲೊಂದನ್ನು ಸರಿಸಿಟ್ಟು ಮನೆಯ ಕಡೆ ತಿರುಗಿದರು. ಹೆತ್ತ ಮಗಳಿಗಿಂತ ಮಣ್ಣು ಹೆಚ್ಚೇ?

೩ ಮೇ

ದೇವಕ್ಕ ಹೆತ್ತಳು, ಗಂಡು. ಎರಡು ಹಗಲು ನೋವು ತಿಂದಳು, ಪಾಪ. ಕದ್ದ ಕುಳ್ಳು ಆಗಲೇ ಬೂದಿ. ಇವತ್ತು ಒಂದೇ ಕೊಡ ನೀರು, ಅದೂ ಉಗುರುಬೆಚ್ಚಗೆ. "ಸಾಕ್ರಿ ವೈನಿ, ಅಪ್ಪಗ ಏನೂ ಅನಬ್ಯಾಡ್ರಿ" ಎಂದು ಗೋಡೆಗೆ ಮುಖ ಮಾಡಿದಳು.

ನಾಳೆ ಮಾವನ ಕಣ್ಣೆದುರೇ ತಿಪ್ಪೆಯ ಸೆಗಣಿ ಬುಟ್ಟಿಗೆ ತುಂಬುತ್ತೇನೆ. ಏನು ಮಾಡುತ್ತಾರೋ ಮಾಡಲಿ.

೪ ಮೇ, ಮಧ್ಯಾಹ್ನ

ಬುಟ್ಟಿ ಹಿಡಿದು ಹೋದರೆ ಹೊರಸು ಖಾಲಿ. ಹಿತ್ತಲಲ್ಲಿ ಕೊಡಲಿ ಸಪ್ಪಳ. ಮಾವ ಚಕ್ಕಡಿ ಒಡೆಯುತ್ತಿದ್ದರು... ಎತ್ತಿನ ಚಕ್ಕಡಿ, ಜಾಲಿ ಕಟ್ಟಿಗೆಯದು. ಒಂದು ಗಾಲಿ ಆಗಲೇ ಸೀಳಿತ್ತು.

ಅತ್ತೆ ಹಣೆ ಬಡಿದುಕೊಂಡರು. "ಹುಚ್ಚ ಹಿಡದೈತೇನ ನಿಮಗ? ಗೊಬ್ಬರ ಯಾತರಾಗ ಹೇರ್ತೀರಿ?"

"ತಲಿ ಮ್ಯಾಲ." ಕೊಡಲಿ ನಿಲ್ಲಲಿಲ್ಲ. "ಚಕ್ಕಡಿ ಮತ್ತ ಮಾಡಸಾಕ ಬರತೈತಿ. ಮಣ್ಣ ಯಾವ ಬಡಿಗ್ಯಾ ಮಾಡಿ ಕೊಡತಾನ?"

ಆ ಕಟ್ಟಿಗೆಗೆ ಹಂಡೆ ಕೊತಕೊತ ಕುದಿಯಿತು. ದೇವಕ್ಕನಿಗೆ ಮೈತುಂಬ ಎರೆದೆ. ಹಾಗೇ ನಿದ್ದೆ ಹೋದಳು ಹುಡುಗಿ. ಬಚ್ಚಲ ಒಲೆಯ ಮುಂದೆ ಕೂತೆ, ಅಳು ತಡೆಯಲಿಲ್ಲ. ಎಂಥ ಮನುಷ್ಯನ ಬಗ್ಗೆ ಏನೇನು ಅಂದುಕೊಂಡೆ.

೧೯ ಮೇ, ರವಿವಾರ

ಕುತ್ತಿಗೆ ತಿರುಗುವುದಿಲ್ಲ. ಮಾವ, ಅತ್ತೆ, ನಾನು, ಮೂವರೂ ಗೊಬ್ಬರ ಹೊರುತ್ತಿದ್ದೇವೆ. ನನ್ನ ಗಂಡ ತಾವು ದುಡಿಯುವ ಯರಗಟ್ಟಿ ಅಂಗಡಿಗೆ ರಜೆ ಎಂದು ಬಂದರು, ಇಸ್ತ್ರಿ ಅಂಗಿಯಲ್ಲೇ ಬುಟ್ಟಿ ಹೊತ್ತರು. ರಾಚವ್ವನಿಗೆ ನಗು: "ಎತ್ತ ನೆರಳಾಗ, ಮಂದಿ ನೊಗದಾಗ." ನಗಲಿ. ನನಗೂ ನಗು ಬಂತು.

೨೪ ಮೇ, ಸಂಜೆ

ತಿಪ್ಪೆ ಬರಿದು. ಗೊಬ್ಬರವೆಲ್ಲ ಹೊಲದಲ್ಲಿ, ಗುಪ್ಪೆ ಗುಪ್ಪೆಯಾಗಿ. ಇಡೀ ಹೊಲಕ್ಕೆ ಸಾಲದು. ಮಾವ ಸೊಂಟ ಹಿಡಿದು ನಿಂತು ನೋಡಿದರು, ಆಮೇಲೆ ಕೇಳಿದರು, "ಎಲ್ಲಿ ಹರವೂಣ, ಕೃಷ್ಣವ್ವಾ?"

ನನ್ನನ್ನು ಕೇಳಿದರು. ಮಗನನ್ನೂ ಎಂದೂ ಕೇಳಿದವರಲ್ಲ.

"ಮ್ಯಾಲಿನ ತುದಿಗ್ರಿ. ಕಲ್ಲ ಎದ್ದಲ್ಲೆ."

"ಹೂಂ. ನಾಳೆ ಹೊತ್ತು ಮೂಡೂದ್ರಾಗ ಹರವಿ ಬಿಡೂಣು."

ಈಗ ಗುಡ್ಡದ ಮೇಲೆ ಕಪ್ಪಗಾಗಿದೆ. ಮಳೆ ಬೇಕು, ದೇವರೇ, ಇವತ್ತು ಮಾತ್ರ ಬೇಡ. ಹರವದ ಗೊಬ್ಬರ ನೀರಿನ ಬೆನ್ನು ಹತ್ತಿ ಹಳ್ಳಕ್ಕೆ ಹೋಗುತ್ತದೆ. ಮಾವ ಯಾರಿಗೂ ಹೇಳದೆ ಸಲಿಕೆ ಹಿಡಿದು ಹೊರಟೇಬಿಟ್ಟರು. ದೇವಕ್ಕ ಕೂಸನ್ನು ಅತ್ತೆಯ ಮಡಿಲಿಗೆ ಹಾಕಿ ತಾನೂ ಎದ್ದಳು. ಗದರಿಸಿ ಕೂರಿಸಿದೆ.

ಕೊಟ್ಟಿಗೆಯ ತಗಡಿನ ಮೇಲೆ ಹನಿ. ಮತ್ತೊಂದು. ಇನ್ನೊಂದು ಸಲಿಕೆ ಎಲ್ಲಿ ಇಟ್ಟೆ—