ತೋಟದಿಂದ ಬರುವ ಫೋನ್

ನೊಣವಿನಕೆರೆ,
ಭಾನುವಾರ

ತಿಪಟೂರಿನ ಮೋಟಾರ್ ಮೆಕ್ಯಾನಿಕ್ ರಸೂಲಣ್ಣನವರಿಗೆ, ಪುಟ್ಟಗೌರಮ್ಮನ ನಮಸ್ಕಾರಗಳು.

ಫೋನಿನಲ್ಲಿ ಹೇಳಿದರೆ ಮಗ ರವೀಂದ್ರನ ಕಿವಿಗೆ ಬೀಳುತ್ತದೆಂದು ಬಸ್ಸಿನ ಕಂಡಕ್ಟರ್ ಕೈಲಿ ಈ ಕಾಗದ ಕಳಿಸುತ್ತಿದ್ದೇನೆ.

ಕರೆಂಟ್ ಬಂದ ಕೂಡಲೇ ತೋಟದ ಮೋಟಾರನ್ನು ತಾನೇ ಓಡಿಸಿ, ಮನೆಗೆ ಫೋನ್ ಮಾಡಿ ತಿಳಿಸುವ ಆ ಸ್ಟಾರ್ಟರ್ ಬೇಡವೇ ಬೇಡ ಎಂದು ನಾನು ಹಟ ಹಿಡಿದಿದ್ದೆ. ಹಾವಿನ ಭಯವಿಲ್ಲ, ಓಡಾಟವಿಲ್ಲ ಎಂದು ರವೀಂದ್ರ ಎಷ್ಟು ಹೇಳಿದರೂ ನನ್ನ ತಲೆಗೆ ಹೋಗಲಿಲ್ಲ. ಕೊನೆಗೆ ನೀವು ಬಂದು ಕೂರಿಸಿದಿರಿ. ತೀರಿಕೊಂಡ ಅಪ್ಪನ ಸಿಮ್ ಸುಮ್ಮನೆ ಯಾಕಿರಬೇಕೆಂದು ಅವನು ಅದನ್ನೇ ಪೆಟ್ಟಿಗೆಗೆ ಹಾಕಿಸಿದ.

ಮಾರನೆಯ ಮಧ್ಯಾಹ್ನ ಜಗುಲಿಯಲ್ಲಿ ನನಗೆ ಮಂಪರು ಹತ್ತಿತ್ತು. ತೆಂಗಿನ ಗರಿಗಳ ನೆರಳು ಗೋಡೆಯ ಮೇಲೆ ನೀರಿನಂತೆ ಆಡುತ್ತಿತ್ತು. ಫೋನ್ ಬಡಿದುಕೊಂಡಿತು. ಗಂಡನ ಹೆಸರು ಹೇಳಬಾರದೆಂದು ಹಿಂದೆ ನಾನು ಅವರ ನಂಬರಿಗೆ ‘ಇವ್ರು’ ಎಂದು ಹಾಕಿಸಿದ್ದೆ. ಪರದೆಯ ಮೇಲೆ ಅದೇ ಮೂಡಿತ್ತು. ಎತ್ತಿದರೆ, “ಮೋಟಾರ್ ಆನ್ ಆಗಿದೆ” ಎಂದಿತು ಯಾವುದೋ ಹೆಣ್ಣಿನ ದನಿ. ಅವರೂ ತೋಟದಿಂದ ಫೋನ್ ಮಾಡಿ ಅಷ್ಟೇ ಹೇಳುತ್ತಿದ್ದರು.

ಈಗ ಸ್ಟಾರ್ಟರ್ ಹಾಕಿಸಿಕೊಳ್ಳಿ ಎಂದು ಬೀದಿಯವರಿಗೆಲ್ಲ ನಾನೇ ಹೇಳುತ್ತೇನೆ. “ಅಮ್ಮಂಗೆ ಈಗ ಬುದ್ಧಿ ಬಂತು ಕಣ್ರೀ” ಎಂದು ರವೀಂದ್ರ ನಗುತ್ತಾನೆ. ನಗಲಿ.

ಸಿಗ್ನಲ್ ಸಾಲದೆಂದು ಅವನು ನಾಳೆ ಹೊಸ ಸಿಮ್ ಹಿಡಿದು ನಿಮ್ಮ ಅಂಗಡಿಗೆ ಬರುತ್ತಾನೆ. ಆ ಪೆಟ್ಟಿಗೆಗೆ ಹಳೆಯದೇ ಒಗ್ಗುವುದು ಎಂದು ಹೇಳಿ ಕಳಿಸಿಬಿಡಿ.

ಇದನ್ನು ಬರೆಯುತ್ತಿರುವಾಗಲೇ ಫೋನ್ ಬಂತು. “ಆಯ್ತು ಬುಡಿ, ಊಟಕ್ಕೆ ಬೇಗ ಬನ್ನಿ” ಅಂದೆ.

ಇಂತಿ,
ಪುಟ್ಟಗೌರಮ್ಮ